ಊಹೆಯೂ ಸತ್ಯವೂ

ಮನುಷ್ಯನ ಜ್ಞಾನದಲ್ಲಿ ಕಂಡದ್ದು ಸ್ವಲ್ಪ, ಊಹಿಸಿದ್ದು ಬಹಳ. ದೂರದ ಗುಡ್ಡದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವವನು ಬೆಂಕಿಯನ್ನು ಕಂಡವನಲ್ಲ. ಆದರೂ ಅವನನ್ನು ಸುಳ್ಳುಗಾರನೆಂದು ಯಾರೂ ಕರೆಯುವದಿಲ್ಲ. ಭಾರತೀಯ ತಾರ್ಕಿಕರು ಪ್ರತ್ಯಕ್ಷದ ಬದಿಯಲ್ಲಿಯೇ ಅನುಮಾನಕ್ಕೂ ಪ್ರಮಾಣದ ಸ್ಥಾನವನ್ನು ಕೊಟ್ಟಿರುವರು. ಆದರೆ ಅದೇ ಮನುಷ್ಯನು ಊರಿಗೆ ಬಂದು, ಬೆಂಕಿಯನ್ನು ಕಣ್ಣಾರೆ ಕಂಡೆನೆಂದು ಹೇಳಿದರೆ? ಗುಡ್ಡದ ಮೇಲೆ ಬೆಂಕಿಯು ನಿಜವಾಗಿ ಇದ್ದರೂ ಅವನ ಮಾತು ಸುಳ್ಳೇ. ಆ ಸುಳ್ಳು ಬೆಂಕಿಯ ವಿಷಯದ್ದಲ್ಲ, ಅವನು ಅದನ್ನು ತಿಳಿದ ಬಗೆಯ ವಿಷಯದ್ದು. ಈ ಹಳೆಯ ಭೇದವು ಬಹುಕಾಲ ತರ್ಕಶಾಲೆಯೊಳಗೇ ಇತ್ತು. ಇಂದು ಗಣಕಯಂತ್ರದ ಒಂದು ಹೊಸ ವಿದ್ಯೆಯು ಅದನ್ನು ಮನೆಮನೆಯ ಪ್ರಶ್ನೆಯನ್ನಾಗಿ ಮಾಡಿ ನಿಲ್ಲಿಸಿದೆ.

ನಿಪ್ಪಾಣಿ ತಾಲೂಕಿನ ಬೋರಗಾಂವವು ದೂಧಗಂಗೆಯ ಸೀಮೆಯ ಗಡಿಯೂರು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಊರು. ಇಂಥ ಊರುಗಳಿಗೂ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮದುವೆಯನ್ನು ವೀಡಿಯೊದಲ್ಲಿ ಹಿಡಿಯಿಸುವ ರೂಢಿ ಬಂದಿತು. ಮೊದಲು ಕ್ಯಾಸೆಟ್ಟು, ಮುಂದೆ ವಿ.ಸಿ.ಡಿ. ತಟ್ಟೆ. ಅಕ್ಕಿಕಾಳು ಬೀಳುವ ಗಳಿಗೆ, ಹಂದರದ ಕಂಬಕ್ಕೆ ಒರಗಿ ನಿಂತ ಅಜ್ಜ, ಸೆರಗಿನ ಮರೆಯಲ್ಲಿ ನಕ್ಕ ಸೋದರತ್ತೆ, ಇವೆಲ್ಲ ಆ ತಟ್ಟೆಗಳಲ್ಲಿ ಉಳಿದಿವೆ. ಚಿತ್ರದೊಳಗಿನ ಜನ ಮಾತ್ರ ಅನೇಕ ಮನೆಗಳಲ್ಲಿ ಈಗ ಉಳಿದಿಲ್ಲ. ಅಂಥ ತಟ್ಟೆಯನ್ನು ಇಂದಿನ ದೊಡ್ಡ ಟಿ.ವಿ.ಯಲ್ಲಿ ಹಾಕಿ ನೋಡಿದರೆ ಮುಖಗಳು ಮಸಕಾಗಿಯೂ ಅಂಚುಗಳು ಹಲ್ಲುಹಲ್ಲಾಗಿಯೂ ಕಾಣುತ್ತವೆ. ಕಾರಣವು ಸರಳವಾದದ್ದು. ವಿ.ಸಿ.ಡಿ.ಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288, ಒಟ್ಟು 1,01,376 ಬಿಂದುಗಳು ಮಾತ್ರ ಇರುತ್ತವೆ. 4ಕೆ ಎಂಬ ಪರದೆಯಾದರೋ 3840ಕ್ಕೆ 2160ರಂತೆ ಸುಮಾರು 83 ಲಕ್ಷ ಬಿಂದುಗಳನ್ನು ಕೇಳುತ್ತದೆ.

ಈ ಕೊರತೆಯನ್ನು ತುಂಬುವ ವಿದ್ಯೆಗೆ ಅಪ್‌ಸ್ಕೇಲಿಂಗ್ ಎಂದು ಹೆಸರು. ಹಿಂದಿನ ಪದ್ಧತಿಯು ಎರಡು ಬಿಂದುಗಳ ನಡುವೆ ಹೊಸದೊಂದನ್ನು ಇಡುವಾಗ ನೆರೆಯ ಬಿಂದುಗಳ ಬಣ್ಣಗಳ ಸರಾಸರಿಯನ್ನು ತೆಗೆಯುತ್ತಿತ್ತು. ಅದರಿಂದ ಚಿತ್ರವು ಹಿರಿದಾಗುತ್ತಿತ್ತು, ಸ್ಪಷ್ಟವಾಗುತ್ತಿರಲಿಲ್ಲ. ತಿಳಿಯದುದನ್ನು ತಿಳಿಯದೆಂದೇ ಬಿಟ್ಟುಕೊಡುವ ಪ್ರಾಮಾಣಿಕವಾದ ಮಸಕು ಅದು. 2014ರಲ್ಲಿ ಚಾವೊ ಡಾಂಗ್ ಎಂಬವರೂ ಹಾಂಗ್‌ಕಾಂಗಿನ ಚೈನೀಸ್ ವಿಶ್ವವಿದ್ಯಾಲಯದ ಅವರ ಸಂಗಡಿಗರೂ ಬೇರೊಂದು ದಾರಿಯನ್ನು ತೋರಿಸಿದರು. ಒಳ್ಳೆಯ ಚಿತ್ರಗಳನ್ನು ಬೇಕೆಂದೇ ಕಿರಿದುಮಾಡಿ, ಆ ಕಿರಿದರಿಂದ ಮೊದಲಿನ ಹಿರಿದನ್ನು ಕಟ್ಟುವ ಅಭ್ಯಾಸವನ್ನು ಯಂತ್ರಕ್ಕೆ ಮಾಡಿಸುವದೇ ಆ ದಾರಿ. 2021ರಲ್ಲಿ ಪ್ರಕಟವಾದ ರಿಯಲ್-ಇಎಸ್‌ಆರ್‌ಗ್ಯಾನ್ ಎಂಬ ಕ್ರಮವು ಹಳೆಯ ಚಿತ್ರಗಳ ಮಸಕು, ಕಲೆ ಮುಂತಾದ ದೋಷಗಳನ್ನು ಸಹ ಕೃತಕವಾಗಿ ಹುಟ್ಟಿಸಿ ಅಭ್ಯಾಸ ಮಾಡಿದ್ದರಿಂದ ಮನೆಯ ತಟ್ಟೆಗಳಿಗೂ ಅದು ಉಪಯೋಗಕ್ಕೆ ಬಂದಿತು. ತಾರ್ಕಿಕರ ಮಾತಿನಲ್ಲಿ ಹೇಳುವದಾದರೆ, ಭೂಯೋದರ್ಶನದಿಂದ, ಎಂದರೆ ಮತ್ತೆ ಮತ್ತೆ ನೋಡಿದ್ದರಿಂದ, ಯಂತ್ರವು ಒಂದು ವ್ಯಾಪ್ತಿಯನ್ನು ಕಲಿತುಕೊಂಡಿದೆ: ಎಲ್ಲಿ ಇಂಥ ಮಸಕೋ ಅಲ್ಲಿ ಇಂಥ ರೆಪ್ಪೆ. ಇಂಥ ತಂತ್ರಾಂಶವು ತಟ್ಟೆಯ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ನಾಲ್ಕು ಪಟ್ಟು ಹಿಗ್ಗಿಸಿದಾಗ ಮೂಲದ ಒಂದು ಬಿಂದು ಹದಿನಾರಾಗುತ್ತದೆ. ಹೊಸ ಚಿತ್ರದ 16,22,016 ಬಿಂದುಗಳಲ್ಲಿ 15,20,640 ಬಿಂದುಗಳಿಗೆ ತಟ್ಟೆಯ ಆಧಾರವು ನೇರವಾಗಿಲ್ಲ. ಅವು ಯಂತ್ರದ ಅನುಮಾನಗಳು.

ಇಲ್ಲಿ ಒಂದು ಪೂರ್ವಪಕ್ಷವು ಏಳುವದು ಸಹಜ. ಮಗಳ ಮದುವೆಯ ಚಿತ್ರದಲ್ಲಿ ತೀರಿಹೋದ ಗಂಡನ ಮುಖವನ್ನು ಇನ್ನೊಮ್ಮೆ ನೋಡಬಯಸುವ ವೃದ್ಧೆಯು ಪ್ರಮಾಣಶಾಸ್ತ್ರವನ್ನು ಕೇಳುವದಿಲ್ಲ. ಅವಳಿಗೆ ಬೇಕಾದದ್ದು ಸಮಾಧಾನ. ಹಿಂದೆ ಚಿತ್ರಕಾರನು ಅಂಗೈಯಗಲದ ಭಾವಚಿತ್ರವನ್ನು ಎದುರಿಗಿಟ್ಟುಕೊಂಡು ಗೋಡೆಯ ಪಟವನ್ನು ಬರೆದುಕೊಡುತ್ತಿರಲಿಲ್ಲವೆ? ರುಮಾಲಿನ ಮಡಿಕೆಗಳನ್ನು ಅವನೂ ಊಹಿಸಿಯೇ ಬರೆದನು. ಆ ಪಟಕ್ಕೆ ಮನೆಯವರು ಹಾರ ಹಾಕಿದರು. ಅಷ್ಟೇಕೆ, ಮನುಷ್ಯನ ಕಣ್ಣಿನಲ್ಲಿಯೇ ನರವು ಹೊರಡುವ ಎಡೆಯಲ್ಲಿ ದೃಷ್ಟಿಯಿಲ್ಲದ ಒಂದು ಚುಕ್ಕೆಯುಂಟು; ಅಲ್ಲಿ ಕಾಣದುದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ನೋಡುವ ಕ್ರಿಯೆಯಲ್ಲಿಯೇ ಊಹೆಯು ಬೆರೆತಿರುವಾಗ ಬಡ ಯಂತ್ರವನ್ನೇಕೆ ದೂರಬೇಕು?

ಈ ಮಾತಿನಲ್ಲಿ ಬಲವುಂಟು. ಅದನ್ನು ತಳ್ಳಿಹಾಕುವದು ಕಠಿಣಹೃದಯದ ಕೆಲಸವಾದೀತು. ಆದರೆ ಚಿತ್ರಕಾರನ ಪಟಕ್ಕೂ ಯಂತ್ರದ ಚಿತ್ರಕ್ಕೂ ಒಂದು ಅಂತರವಿದೆ. ಪಟವು ಬರೆದದ್ದೆಂಬದು ನೋಡಿದೊಡನೆ ತಿಳಿಯುತ್ತಿತ್ತು. ಮೂಲೆಯಲ್ಲಿ ಚಿತ್ರಕಾರನ ಸಹಿಯೂ ಇರುತ್ತಿತ್ತು. ಹಿಗ್ಗಿಸಿದ ವೀಡಿಯೊದಲ್ಲಿ ಸಹಿಯಿಲ್ಲ. ಅದು ಕ್ಯಾಮೆರಾ ಕಂಡದ್ದರ ವೇಷದಲ್ಲಿಯೇ ಬರುತ್ತದೆ. ವೃದ್ಧೆಗೆ ಮೋಸವಾಗುವದಿಲ್ಲ, ಯಾಕೆಂದರೆ ಅವಳು ಆ ಮುಖವನ್ನು ಬಲ್ಲಳು. ಯಂತ್ರವು ತಪ್ಪಿದಲ್ಲಿ ಅವಳ ನೆನಪು ತಿದ್ದಿಕೊಳ್ಳುತ್ತದೆ. ಮೋಸವಾಗುವದು ಮೊಮ್ಮಗನ ಮಗನಿಗೆ. ಮುತ್ತಜ್ಜನ ಹಣೆಯ ಗೆರೆಗಳನ್ನೂ ಮುತ್ತಜ್ಜಿಯ ಸೀರೆಯಂಚಿನ ಕುಸುರಿಯನ್ನೂ ಅವನು ಆ ಚಿತ್ರದಿಂದಲೇ ಕಲಿಯುವನು. ತಿದ್ದಲು ಅವನಲ್ಲಿ ಬೇರೆ ನೆನಪಿಲ್ಲ. ಸಮಾಧಾನವು ಒಬ್ಬಳಿಗೆ ಸಂದು, ಭ್ರಮೆಯು ಇನ್ನೊಬ್ಬನಿಗೆ ಸಲ್ಲುವದಾದರೆ ಆ ವ್ಯವಹಾರದಲ್ಲಿ ಒಂದು ಋಣವು ಉಳಿಯಿತೆಂದೇ ಹೇಳಬೇಕು.

ಯಂತ್ರದ ಊಹೆಯು ಎಲ್ಲಿಗೆ ತಪ್ಪಬಲ್ಲದೆಂಬದಕ್ಕೆ ಒಂದು ಉದಾಹರಣೆ ಸಾಕು. ಅಮೇರಿಕೆಯ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪಲ್ಸ್ ಎಂಬ ಕ್ರಮವನ್ನು 2020ರಲ್ಲಿ ಜನರು ಪರೀಕ್ಷಿಸಿ ನೋಡಿದಾಗ, ಬರಾಕ್ ಒಬಾಮಾ ಅವರ ತೀರ ಕಿರಿದುಗೊಳಿಸಿದ ಭಾವಚಿತ್ರದಿಂದ ಒಬ್ಬ ಬಿಳಿಯ ಮನುಷ್ಯನ ಮುಖವು ಎದ್ದುಬಂದಿತು. ಕಿರಿದಾಗಿಸಿದರೆ ಮೂಲದ ಚಿಕ್ಕ ಚಿತ್ರಕ್ಕೆ ಹೊಂದಬಲ್ಲ ಮುಖವನ್ನೇ ಹುಡುಕಿ ಕೊಡುವದು ಆ ಕ್ರಮದ ನಿಯಮವಾಗಿತ್ತು. ಎಂದರೆ ಯಂತ್ರವು ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದು ಅಭ್ಯಾಸ ಮಾಡಿದ್ದ ಮುಖಗಳ ಲೋಕವು ಕಿರಿದಾಗಿತ್ತು. ದೂರದ ದೇಶದ ಮುಖಗಳನ್ನು ಕಂಡು ಕಲಿತ ಯಂತ್ರಕ್ಕೆ ಗಡಿನಾಡಿನ ಮದುವೆಯ ಹಂದರದಲ್ಲಿ ಕುಳಿತವರ ಮೂಗುತಿ, ಮುಂಡಾಸು, ಬಿಸಿಲಿಗೆ ಕಂದಿದ ಮೈಬಣ್ಣಗಳು ಎಷ್ಟು ಪರಿಚಿತವೆಂಬದನ್ನು ಯಾರು ಹೇಳಬೇಕು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಹಾಗಾದರೆ ಹಳೆಯದನ್ನು ಹೊಸದಾಗಿಸುವ ಕೆಲಸವೆಲ್ಲವೂ ಸಂದೇಹಾಸ್ಪದವೇ ಎಂದರೆ ಅಲ್ಲ. ಕನ್ನಡ ಚಿತ್ರರಂಗದಿಂದಲೇ ಮೂರು ನಿದರ್ಶನಗಳನ್ನು ತೆಗೆದುಕೊಳ್ಳಬಹುದು. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವು ಮೂಲ ನೆಗೆಟಿವ್‌ನಿಂದ 4ಕೆ ಪ್ರಮಾಣದಲ್ಲಿ ಜೀರ್ಣೋದ್ಧಾರಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅಲ್ಲಿ ಸೂಕ್ಷ್ಮವು ಫಿಲ್ಮಿನೊಳಗೆ ಮಲಗಿತ್ತು, ಅದನ್ನು ಎಬ್ಬಿಸಿದರು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ; ಯಾವ ಜಾಣ ಯಂತ್ರವೂ ಅದನ್ನು ಮರಳಿಸಲಾರದು. 1971ರ 'ಕಸ್ತೂರಿ ನಿವಾಸ'ವು ಕಪ್ಪುಬಿಳುಪಿನದು. ಅದಕ್ಕೆ ಬಣ್ಣ ತುಂಬಿ 2014ರಲ್ಲಿ ಬಿಡುಗಡೆ ಮಾಡಿದಾಗ ಬಣ್ಣ ತುಂಬಿದ ಸಂಗತಿಯೇ ಅದರ ಜಾಹೀರಾಗಿತ್ತು. ಆದುದರಿಂದ ಯಾರಿಗೂ ಭ್ರಮೆಯಾಗಲಿಲ್ಲ. ಮನೆಯ ತಟ್ಟೆಯು ಈ ಮೂರರಂತೆಯೂ ಅಲ್ಲ. ಅದರಲ್ಲಿ ಮೂಲವು ಪೂರ್ತಿಯಾಗಿ ಉಳಿದೂ ಇಲ್ಲ, ಪೂರ್ತಿಯಾಗಿ ಅಳಿದೂ ಇಲ್ಲ. ಸೇರಿಸಿದ್ದನ್ನು ಸಾರಿ ಹೇಳುವವರೂ ಇಲ್ಲ. ಅದೇ ನಾಲ್ಕನೆಯ ನಿದರ್ಶನ, ಮತ್ತು ಅದೇ ಕಷ್ಟದ್ದು.

ಅರ್ಧ ಉಳಿದು ಅರ್ಧ ಅಳಿದ ಮೂಲವನ್ನು ಹೇಗೆ ದಾಟಿಸಬೇಕೆಂಬದು ಬೋರಗಾಂವದ ಸೀಮೆಗೆ ಅಪರಿಚಿತವಾದ ಪ್ರಶ್ನೆಯಲ್ಲ. ನೆರೆಯ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಧವಲಾದಿ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸುವ ಕಾರ್ಯವು ನಡೆಯಿತು. ಆ ಗ್ರಂಥಗಳ ಮೂಲವು ಮೂಡಬಿದಿರೆಯ ಬಸದಿಯ ತಾಡಪತ್ರಗಳಲ್ಲಿ, ಪ್ರಾಕೃತ ಭಾಷೆಯಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ ಉಳಿದು ಬಂದದ್ದು. ಅದನ್ನು ನಾಗರಿಗೆ ಇಳಿಸಿದ ಪ್ರತಿಗಳ ಮೇಲಿನಿಂದ ಪಂಡಿತ ಹೀರಾಲಾಲ ಜೈನರು 1939ರಿಂದ ಅಮರಾವತಿಯಲ್ಲಿ ಷಟ್ಖಂಡಾಗಮವನ್ನು ಧವಲಾ ಟೀಕೆಯೊಡನೆ ಅಚ್ಚುಮಾಡಿಸತೊಡಗಿದರು. ಮೊದಲ ಭಾಗದ 93ನೆಯ ಸೂತ್ರದಲ್ಲಿ ಸಂಪಾದಕರಿಗೆ ಒಂದು ತೊಡಕು ಬಂದಿತು. ಪೂರ್ವಾಪರವನ್ನು ನೋಡಿದರೆ 'ಸಂಜದ' ಎಂಬ ಪದವು ಅಲ್ಲಿ ಇರಬೇಕಾಗಿತ್ತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಅವರು ಪದವನ್ನು ಸೂತ್ರದೊಳಗೆ ಸದ್ದಿಲ್ಲದೆ ಸೇರಿಸಲಿಲ್ಲ. ಅಲ್ಲಿ ಆ ಪದವು ಉಳಿದಿರುವಂತೆ ತೋರುವದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಒಂದು ಪದದ ಮೇಲೆ ದೊಡ್ಡ ವಾದವೇ ನಡೆಯಿತು, ಯಾಕೆಂದರೆ ಸ್ತ್ರೀಯರ ಮೋಕ್ಷಾಧಿಕಾರದ ಚರ್ಚೆಯು ಅದಕ್ಕೆ ತಗಲಿಕೊಂಡಿತ್ತು. ಮುಂದೆ ಮೂಡಬಿದಿರೆಯ ತಾಡಪತ್ರವನ್ನು ನೋಡಲಾಗಿ ಆ ಪದವು ಅಲ್ಲಿ ಇದ್ದಿತು.

ಈ ಪ್ರಸಂಗದಲ್ಲಿ ಊಹೆಯು ನಿಜವಾದದ್ದು ಸಂತೋಷದ ಸಂಗತಿ. ಆದರೆ ಅದರ ನೀತಿ ಅಷ್ಟರಲ್ಲಿಯೇ ಇಲ್ಲ. ಊಹೆಯು ಅಡಿಟಿಪ್ಪಣಿಯಲ್ಲಿ ನಿಂತದ್ದರಿಂದ ಅದನ್ನು ಪರೀಕ್ಷಿಸುವದು ಸಾಧ್ಯವಾಯಿತು. ಮೂಲವು ಬಸದಿಯಲ್ಲಿ ಉಳಿದದ್ದರಿಂದ ಪರೀಕ್ಷೆಯು ಮುಗಿಯಿತು. ಇಲ್ಲಿ ಇಬ್ಬರ ಧರ್ಮವು ಬೇರೆ ಬೇರೆಯಾಗಿ ಕಾಣುತ್ತದೆ. ಲಿಪಿಕಾರನು ತನ್ನದೇನನ್ನೂ ಸೇರಿಸಬಾರದು. ಕಂಡಂತೆಯೇ ಬರೆದಿರುವೆನೆಂದು ಪ್ರತಿಯ ಕೊನೆಗೆ ಹೇಳಿಕೊಳ್ಳುವ ವಾಡಿಕೆಯು ಅದಕ್ಕಾಗಿಯೇ ಹುಟ್ಟಿದ್ದು. ಸಂಪಾದಕನು ಸೇರಿಸಬಹುದು, ಆದರೆ ಗುರುತು ಹಾಕಿ ಸೇರಿಸಬೇಕು. ಚಿತ್ರವನ್ನು ಹಿಗ್ಗಿಸುವ ತಂತ್ರಾಂಶವು ಸಂಪಾದಕನ ಸ್ಥಾನದಲ್ಲಿದೆ. ಆ ತಂತ್ರಾಂಶವನ್ನೇ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ದಾಟಿಸುವವನು, ಆ ಕಸುಬಿನವರು ಪೋರ್ಟಿಂಗ್ ಎನ್ನುವ ಕೆಲಸವನ್ನು ಮಾಡುವವನು, ಲಿಪಿಕಾರನ ಸ್ಥಾನದಲ್ಲಿದ್ದಾನೆ.

ಈ ಎರಡನೆಯವನ ಕೆಲಸವು ಯಾಕೆ ಬೇಕಾಯಿತು? ಇಂಥ ಉಪಕರಣಗಳಲ್ಲಿ ಬಹಳಷ್ಟು ಮೊದಲು ವಿಂಡೋಸಿಗಾಗಿ ಸಿದ್ಧವಾದವು. ಮನೆಗಳಲ್ಲಿಯೂ ಸಣ್ಣ ಊರುಗಳ ಸ್ಟುಡಿಯೊಗಳಲ್ಲಿಯೂ ಇರುವ ಗಣಕಗಳು ಅನೇಕವಾಗಿ ಹಳೆಯವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿಯನ್ನು ಹೊರಲಾರದ ಯಂತ್ರಗಳ ಒಡೆಯರಿಗೆ ಲಿನಕ್ಸ್ ಒಂದು ಆಶ್ರಯ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಗೆ ಬೆಲೆ ಕೊಡಬೇಕಾಗಿಲ್ಲ. ಅದರ ಮೂಲಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. 2018ರಲ್ಲಿ ಆರಂಭವಾದ ವೀಡಿಯೊ2ಎಕ್ಸ್ ಎಂಬ ಮುಕ್ತ ತಂತ್ರಾಂಶವು ಮೊದಮೊದಲು ವಿಂಡೋಸಿನದೇ ಆಗಿತ್ತು. 2024ರಲ್ಲಿ ಅದನ್ನು ಸಿ++ ಭಾಷೆಯಲ್ಲಿ ಹೊಸದಾಗಿ ಬರೆದಾಗ ಲಿನಕ್ಸಿಗೂ ವಿಂಡೋಸಿಗೂ ಒಂದೇ ಮೂಲವು ಸಾಕಾಯಿತು. ಗ್ರಾಫಿಕ್ಸ್ ಕಾರ್ಡನ್ನು ದುಡಿಸಿಕೊಳ್ಳಲು ಅದು ವಲ್ಕನ್ ಎಂಬ ಸಾರ್ವತ್ರಿಕ ಭಾಷೆಯನ್ನು ಅವಲಂಬಿಸಿರುವದರಿಂದ ಒಂದೇ ಕಂಪನಿಯ ಕಾರ್ಡಿಗೆ ಕಟ್ಟುಬಿದ್ದಿಲ್ಲ.

ದಾಟಿಸುವ ಕೆಲಸವು ಹೊರಗಿನವರಿಗೆ ತೋರುವಷ್ಟು ಸುಲಭದ್ದಲ್ಲ. ಕಡತದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವದಿಲ್ಲ, ಲಿನಕ್ಸ್ ಎಣಿಸುತ್ತದೆ. ಕಡತದ ದಾರಿಯನ್ನು ತೋರಿಸುವ ಓರೆಗೆರೆಯು ಒಂದರಲ್ಲಿ ಹಿಂದಕ್ಕೂ ಇನ್ನೊಂದರಲ್ಲಿ ಮುಂದಕ್ಕೂ ಬಾಗಿದೆ. ಇವು ಹೊರಗಿನ ತೊಡಕುಗಳು. ಒಳಗಿನದು ಬೇರೆ: ಒಂದೇ ಗಣಿತವನ್ನು ಎರಡು ಬೇರೆ ಕಾರ್ಡುಗಳು ಮಾಡಿದಾಗ ದಶಾಂಶದ ಕೊನೆಯ ಅಂಕಿಗಳಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು. ಆದ ಕಾರಣ ನಿಷ್ಠಾವಂತನು ಒಂದೇ ತುಣುಕನ್ನು ಎರಡೂ ನೆಲೆಗಳಲ್ಲಿ ಹಾಯಿಸಿ, ಫಲವನ್ನು ಬಿಂದುಬಿಂದುವಾಗಿ ಹೋಲಿಸುತ್ತಾನೆ. ಆಗ ಅವನ ಎದುರಿಗೆ ಒಂದು ಆಸೆ ಬರುತ್ತದೆ: ಮೂಲದವನಿಗಿಂತ ಮುಖವನ್ನು ಇನ್ನಷ್ಟು ತಿಳಿಯಾಗಿ ತೋರಿಸೋಣವೆಂಬ ಆಸೆ. ಅದನ್ನು ಗೆಲ್ಲುವದೇ ಅವನ ವ್ರತ. ತಿದ್ದುವದಿದ್ದರೆ ಹೆಸರು ಹೇಳಿ ಬೇರೆಯಾಗಿ ತಿದ್ದಬೇಕು. ದಾಟಿಸುವ ನೆವದಲ್ಲಿ ತಿದ್ದಬಾರದು. ಕನ್ನಡಿಗರಿಗೆ ಇದರ ಫಲವು ಬೆರಳ ತುದಿಯಲ್ಲಿಯೇ ಇದೆ. ವಿಂಡೋಸಿಗಾಗಿ ಬಂದ ನುಡಿ ತಂತ್ರಾಂಶದ ಕೀಲಿಮಣೆಯ ವಿನ್ಯಾಸವು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅವಲಂಬಿಸಿದ್ದು. ಅದೇ ವಿನ್ಯಾಸವು ಕಗಪ ಎಂಬ ಹೆಸರಿನಿಂದ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಕಲಿತ ಬೆರಳುಗಳು ಹೊಸ ಮನೆಯಲ್ಲಿಯೂ ದಾರಿ ತಪ್ಪದಿರುವದು ದಾಟಿಸಿದವರು ತಮ್ಮ ಜಾಣತನವನ್ನು ಬದಿಗಿಟ್ಟದ್ದರಿಂದ.

ಲಿನಕ್ಸಿಗೆ ದಾಟಿದ್ದರಿಂದ ದುಡ್ಡು ಉಳಿಯಿತೆಂಬದು ಸಣ್ಣ ಲಾಭ. ಮನೆಯ ಚಿತ್ರವು ಮನೆಯ ಗಣಕದಲ್ಲಿಯೇ ಉಳಿಯುತ್ತದೆ, ಅಪರಿಚಿತರ ಯಂತ್ರಶಾಲೆಗೆ ಕಳಿಸಬೇಕಾಗುವದಿಲ್ಲ. ಇದು ಅದಕ್ಕಿಂತ ದೊಡ್ಡದು. ಎಲ್ಲಕ್ಕೂ ದೊಡ್ಡದೆಂದರೆ, ಊಹೆಯ ರೀತಿಯು ಬಯಲಿನಲ್ಲಿ ನಿಲ್ಲುತ್ತದೆ. ಇಲ್ಲಿಯೂ ಆಕ್ಷೇಪಣೆ ಬರಬಹುದು: ಬರಹವು ಮುಕ್ತವಾದರೇನು, ರಿಯಲ್-ಇಎಸ್‌ಆರ್‌ಗ್ಯಾನಿನ ಮುಖ್ಯ ಜಾಲದಲ್ಲಿ ಸುಮಾರು 1 ಕೋಟಿ 67 ಲಕ್ಷ ಅಂಕಿಗಳಿವೆ, ಅವುಗಳ ರಾಶಿಯನ್ನು ಓದಿ ಅಜ್ಜನ ಹುಬ್ಬು ಎಲ್ಲಿಂದ ಬಂದಿತೆಂದು ಹೇಳಬಲ್ಲವರಾರು? ನಿಜ, ಯಾರೂ ಇಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಮನೆಯೊಳಗೆಲ್ಲ ಬೆಳಕಾಗುವದಿಲ್ಲ. ಆದರೆ ಓದಲಾಗದುದನ್ನು ಒರೆಗೆ ಹಚ್ಚಲು ಬರುತ್ತದೆ. ಯಾವುದಾದರೂ ಹೊಸ, ಸ್ಪಷ್ಟವಾದ ಚಿತ್ರವನ್ನು ತಟ್ಟೆಯ ಅಳತೆಗೆ ಕಿರಿದುಮಾಡಿ, ಯಂತ್ರದಿಂದ ಹಿಗ್ಗಿಸಿ, ಮೂಲದೊಡನೆ ಹೋಲಿಸಿದರೆ ಅದು ಎಲ್ಲೆಲ್ಲಿ ತಪ್ಪುವದೆಂದು ಮನೆಯವರೇ ನೋಡಬಹುದು. ಒಂದೇ ಹಳೆಯ ಚಿತ್ರವನ್ನು ಎರಡು ಬೇರೆ ಜಾಲಗಳಿಂದ ಹಿಗ್ಗಿಸಿದರೆ, ಎರಡರಲ್ಲಿಯೂ ಬೇರೆ ಬೇರೆಯಾಗಿ ಬಂದ ಭಾಗವು ತಟ್ಟೆಯಿಂದ ಬಂದದ್ದಲ್ಲವೆಂದು ಎದ್ದುಕಾಣುತ್ತದೆ. ಒಂದೇ ತೆರನಾಗಿ ಬಂದರೂ ನಿಜವೆಂದು ಸಿದ್ಧವಾಗುವದಿಲ್ಲ, ಎರಡೂ ಒಂದೇ ಶಾಲೆಯಲ್ಲಿ ಕಲಿತಿರಬಹುದು. ಈ ಪರೀಕ್ಷೆಗಳಿಗೆ ತಾಳ್ಮೆಯೊಂದು ಬೇಕು. ಕ್ಷಣಕ್ಕೆ 25 ಚಿತ್ರಗಳಂತೆ ಒಂದು ಗಂಟೆಯ ಮದುವೆಯಲ್ಲಿ 90,000 ಚಿತ್ರಗಳಿರುತ್ತವೆ. ಕ್ಷಣಕ್ಕೆ ಒಂದರಂತೆ ಮುಗಿಸುವ ಯಂತ್ರಕ್ಕೆ 25 ಗಂಟೆಗಳು ಬೇಕು.

ಕೊನೆಗೆ ನಿರ್ಣಯವೇನು? ಈ ಸೀಮೆಯ ಬಸದಿಗಳಲ್ಲಿ ಕೇಳಿಬರುವ ಸ್ಯಾದ್ವಾದವು ಇಲ್ಲಿ ಒಳ್ಳೆಯ ಅಳತೆಗೋಲಾಗಬಲ್ಲದು. ಸ್ಯಾತ್ ಎಂದರೆ ಇರಬಹುದೇನೋ ಎಂಬ ಸಂದೇಹವಲ್ಲ; ಇಂಥ ಅಪೇಕ್ಷೆಯಿಂದ ಹೀಗೆ ಎಂಬ ನಿಯಮ. ಹಿಗ್ಗಿಸಿದ ಚಿತ್ರದಲ್ಲಿ ಕಾಣುವವನು ಅಜ್ಜನೇ ಎಂದರೆ, ನಿಲುವಿನ ಮತ್ತು ಚಲನೆಯ ಅಪೇಕ್ಷೆಯಿಂದ ಹೌದು. ರೆಪ್ಪೆಯ ಮತ್ತು ಸುಕ್ಕಿನ ಅಪೇಕ್ಷೆಯಿಂದ ಅಲ್ಲ. ಎರಡೂ ಮಾತುಗಳು ಕೂಡಿಯೇ ಸತ್ಯ. ಒಂದನ್ನೇ ಹೇಳುವ ಚಿತ್ರವು ಏಕಾಂತದ ದೋಷಕ್ಕೆ ಗುರಿಯಾಗುತ್ತದೆ. 2024ರಲ್ಲಿ ಅಮೇರಿಕೆಯ ವಾಶಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ನ್ಯಾಯಾಲಯವು ಕೊಲೆಯ ಮೊಕದ್ದಮೆಯೊಂದರಲ್ಲಿ ಈ ವಿದ್ಯೆಯಿಂದ ತಿಳಿಗೊಳಿಸಿದ ವೀಡಿಯೊವನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. ಮನೆಯ ಹಂದರವು ನ್ಯಾಯಾಲಯವಲ್ಲ; ಅಲ್ಲಿ ಇಂಥ ಚಿತ್ರವನ್ನು ಬೇಡವೆನ್ನುವ ಕಾರಣವಿಲ್ಲ. ಆದರೆ ಅಲ್ಲಿಯೂ ಮೂರು ಮಾತುಗಳು ಸಲ್ಲಬೇಕು. ಮೂಲದ ತಟ್ಟೆಯನ್ನು ಬಿಸಾಡದೆ, ಅದರ ಯಥಾವತ್ತಾದ ಪ್ರತಿಯೊಂದನ್ನು ಕಾಯ್ದಿಡಬೇಕು. ಹಿಗ್ಗಿಸಿದ ಪ್ರತಿಯ ಹೆಸರಿನಲ್ಲಿಯೇ ಯಾವ ವರ್ಷ, ಯಾವ ತಂತ್ರಾಂಶದಿಂದ ಹಿಗ್ಗಿಸಿದ್ದೆಂದು ಬರೆಯಬೇಕು. ಮಕ್ಕಳಿಗೆ ತೋರಿಸುವಾಗ, ಇದು ಮದುವೆ, ಇದರ ಮೆರುಗು ಯಂತ್ರದ್ದು ಎಂದು ಒಮ್ಮೆಯಾದರೂ ಹೇಳಬೇಕು.

ಇಷ್ಟು ಮಾಡಿದ ಮನೆಯಲ್ಲಿ ವೃದ್ಧೆಗೆ ಸಮಾಧಾನವೂ ಮರಿಮಗನಿಗೆ ಸತ್ಯವೂ ದೊರೆಯುತ್ತವೆ. ಒಂದಕ್ಕಾಗಿ ಇನ್ನೊಂದನ್ನು ಮಾರಬೇಕಾಗುವದಿಲ್ಲ. ಮುಂದೆ ಎಂದಾದರೂ ಇದಕ್ಕಿಂತ ಬಲ್ಲ ಯಂತ್ರವೊಂದು ಬಂದು, ಈಗಿನ ಊಹೆಯನ್ನು ತಪ್ಪೆಂದು ತೋರಿಸಬಹುದು. ಆಗ ಅದಕ್ಕೆ ನೋಡಲು ಮೂಲದ ತಟ್ಟೆಯಾದರೂ ಪೆಟ್ಟಿಗೆಯಲ್ಲಿ ಇರಬೇಕು. ಮೂಡಬಿದಿರೆಯ ಗರಿಗಳು ಹಾಗೆಯೇ ಕಾದಿದ್ದವು.